ಅತ್ತೆಯ ಮಂಡಿ ಐದನೇ ಪುಟದಲ್ಲೇಕೆ?

ಪ್ರಿಯರೇ,

ತಮಿಳುನಾಡಿನ ವೇಲಾಂಕಣಿಗೆ ಹೋದ ಯಾತ್ರೆಯ ನಿಮ್ಮ ಬರಹವನ್ನು ಎರಡು ಸಲ ಓದಿದೆ. ಮದುವೆಯಾದ ಮೊದಲ ವರ್ಷ, ಗಂಡನ ಮನೆಯವರ ಜೊತೆ ಬೆಂಗಳೂರಿನಿಂದ ಆರೋಗ್ಯ ಮಾತೆಯ, ಅಂದರೆ ಯೇಸುವಿನ ತಾಯಿ ಮರಿಯಮ್ಮನ, ಜಾತ್ರೆಗೆ ಹೋಗಿ ಬಂದ ಕತೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಇದನ್ನು ಕೈಬಿಡಬೇಡಿ. ಒಳಗೆ ಒಂದು ಒಳ್ಳೆಯ ಬರಹ ಕೂತಿದೆ.

ಮೊದಲ ಮೂರು ಪುಟ ನಿಮ್ಮದಲ್ಲ. ಬಿರುಗಾಳಿಗೆ ಸಿಕ್ಕ ಪೋರ್ಚುಗೀಸ್ ನಾವಿಕರು ಬದುಕಿ ಬಂದು ಗುಡಿ ಕಟ್ಟಿಸಿದ್ದು, 1962ರಲ್ಲಿ ಅದು ಪೋಪ್ ಮನ್ನಣೆ ಪಡೆದು ಬೆಸಿಲಿಕಾ ಆಗಿದ್ದು, ಇವೆಲ್ಲ ಯಾವ ಕೈಪಿಡಿಯಲ್ಲಾದರೂ ಸಿಗುತ್ತವೆ. ‘ಜನಸಾಗರ’, ‘ಭಕ್ತಿಯ ಹೊಳೆ’ ಎಂಬ ಮಾತುಗಳೂ ಅಷ್ಟೇ. ಓದುವವರ ಕಣ್ಣಿಗೆ ಏನೂ ಕಾಣುವುದಿಲ್ಲ.

ಐದನೇ ಪುಟದಲ್ಲಿ ಹೀಗೆ ಬರೆದಿದ್ದೀರಿ: ‘ಅತ್ತೆ ಮಂಡಿಗೆ ಟವೆಲ್ ಸುತ್ತಿಕೊಂಡರು. ನಾನು ಅವರ ಚಪ್ಪಲಿ ಹಿಡಿದುಕೊಂಡೆ.’ ಇಲ್ಲಿ ನಾನು ನೆಟ್ಟಗೆ ಕೂತೆ. ಗುಡಿಯಿಂದ ಮಾತೆಯ ಕೊಳದ ಕಡೆಗೆ ಹೋಗುವ ಆ ಮರಳಿನ ದಾರಿಯಲ್ಲಿ ಹರಕೆ ಹೊತ್ತವರು ಮಂಡಿಯಲ್ಲೇ ಸಾಗುತ್ತಾರೆ, ಸರಿ. ನಿಮ್ಮ ಅತ್ತೆ ಹೇಗೆ ಸಾಗಿದರು? ನಡುವೆ ನಿಂತರಾ? ಮರಳು ಸುಡುತ್ತಿತ್ತಾ? ಟವೆಲ್ ಜಾರಿದಾಗ ಯಾರು ಬಗ್ಗಿ ಕಟ್ಟಿದರು? ಇದ್ಯಾವುದೂ ಇಲ್ಲ. ಮುಂದಿನ ಸಾಲಿಗೇ ಭಾವೈಕ್ಯದ ಬಗ್ಗೆ ಭಾಷಣ ಶುರು. ಆ ಭಾಷಣ ಪೂರ್ತಿ ತೆಗೆಯಿರಿ.

ಇನ್ನೊಂದು. ಮಜ್ಜಿಗೆ ಮಾರುವ ಕುಂಟ ಹುಡುಗನ ಐತಿಹ್ಯ ಒಂದನೇ ಪುಟದಲ್ಲಿದೆ. ಮಾತೆ ಬಂದು ತನ್ನ ಮಗುವಿಗೆ ಮಜ್ಜಿಗೆ ಕೇಳುತ್ತಾಳೆ, ಹುಡುಗ ಕೊಡುತ್ತಾನೆ, ಆಮೇಲೆ ಎದ್ದು ನಾಗಪಟ್ಟಣಕ್ಕೆ ಓಡುತ್ತಾನೆ. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತಲಾಗದು ಅನ್ನುವುದು ನಾಲ್ಕನೇ ಪುಟದಲ್ಲಿದೆ. ಆ ಹುಡುಗ ಎದ್ದು ನಿಂತ ಊರಿನಲ್ಲಿ ಈ ಹೆಂಗಸು ನೋಯುವ ಮಂಡಿಯನ್ನೇ ಮರಳಿಗೆ ಊರುತ್ತಾರೆ ಅಲ್ವಾ! ಎರಡನ್ನೂ ಅಕ್ಕಪಕ್ಕ ಇಡಿ. ಏನೂ ವಿವರಿಸಬೇಡಿ, ಸುಮ್ನೆ ಇಡಿ ಸಾಕು.

ಬರಹದ ತುಂಬ ‘ನಾವು’ ಇದೆ. ನೀವು ಬೇರೆ ಧರ್ಮದ ಮನೆಯಿಂದ ಬಂದವರು. ಪೂಜೆಯಲ್ಲಿ ಎಲ್ಲರೂ ಶಿಲುಬೆಯ ಗುರುತು ಹಾಕುವಾಗ ‘ಕೈ ಎಲ್ಲಿಡಬೇಕೋ ತಿಳಿಯಲಿಲ್ಲ’ ಎಂದು ಒಂದೇ ಒಂದು ಕಡೆ ಬರೆದಿದ್ದೀರಿ. ಆ ‘ನಾನು’ ನನಗೆ ಬೇಕು. ಆಕೆ ಜಾಸ್ತಿ ಹೊತ್ತು ಇರಲಿ. ಅವಳಿಗೆ ಮುಜುಗರವಾಗಿದ್ದರೆ ಅದೂ ಬರಲಿ.

ಒಂದು ತಪ್ಪು ತಿದ್ದಿ. 2004ರ ಸುನಾಮಿ ಜಾತ್ರೆಯ ದಿನ ಬಂದದ್ದಲ್ಲ. ಜಾತ್ರೆಗೆ ಬಾವುಟ ಏರುವುದು ಆಗಸ್ಟ್ 29ಕ್ಕೆ, ಹಬ್ಬ ಸೆಪ್ಟೆಂಬರ್ 8ಕ್ಕೆ. ಸುನಾಮಿ ಬಂದದ್ದು ಡಿಸೆಂಬರ್ 26ರಂದು, ಕ್ರಿಸ್‌ಮಸ್‌ನ ಮಾರನೇ ದಿನ. ಅಷ್ಟು ಯಾತ್ರಿಕರು ಸತ್ತ ದಿನದ ಬಗ್ಗೆ ಅಜಾಗರೂಕತೆ ಬೇಡ.

ಕೊನೆಯದಾಗಿ, ಅತ್ತೆ ಯಾಕೆ ಹರಕೆ ಹೊತ್ತಿದ್ದರು? ತಮ್ಮ ಮಂಡಿಗಲ್ಲ ಅನ್ನಿಸುತ್ತದೆ. ಕೇಳಿದ್ದೀರಾ? ಇಲ್ಲವಾದರೆ ಒಂದು ಮಧ್ಯಾಹ್ನ ಪಕ್ಕದಲ್ಲಿ ಕೂತು ಕೇಳಿ. ಬರೆಯಬೇಡ ಅಂದರೆ ಬರೆಯಬೇಡಿ. ಚಪ್ಪಲಿ ಹಿಡಿದು ನಡೆದವಳಿಗೆ ಅದು ಗೊತ್ತಿರಲಿಲ್ಲ ಎಂದಷ್ಟೇ ಬರೆದು ಕಳಿಸಿ.

ಕಾಯುತ್ತಿರುತ್ತೇನೆ.

ನಿಮ್ಮ,
ಸಂಪಾದಕ