ಆನೆ ಬಂದ ಸುದ್ದಿಯೂ ಅಭಿಮಾನಿ ಬಳಗವೂ

ಮಾನ್ಯರೇ,

ಹಾಸನ ಜಿಲ್ಲೆಯ ಆಲೂರು ತಾಲ್ಲೂಕಿನಿಂದ ತಾವು ಬರೆದ ಪತ್ರ ತಲುಪಿದೆ. ಕಾಡಾನೆ ಯಾರ ತೋಟದಲ್ಲಿದೆ, ಕರೆಂಟು ಯಾವಾಗ ಬರುತ್ತದೆ, ಕಾಫಿಗೆ ಇಂದಿನ ಧಾರಣೆ ಎಷ್ಟು ಎಂದು ತಿಳಿದುಕೊಳ್ಳಲು ಊರಿನವರು ಮಾಡಿಕೊಂಡ ವಾಟ್ಸ್‌ಆ್ಯಪ್ ಗ್ರೂಪು ಈಗ ಎರಡು ಪಕ್ಷಗಳ ಹುಡುಗರ ಜಗಳದ ಕಟ್ಟೆಯಾಗಿದೆ ಎಂದಿದ್ದೀರಿ. ಮೊನ್ನೆ ಬೆಳಗಿನ ಜಾವ ಯಾರೋ ಹಾಕಿದ ‘ಕೆರೆ ಏರಿ ಮೇಲೆ ಆನೆ ಇದೆ’ ಎಂಬ ಒಂದು ಸಾಲು, ನಾಯಕರೊಬ್ಬರ ಹುಟ್ಟುಹಬ್ಬದ ಅರವತ್ತು ಚಿತ್ರಗಳ ನಡುವೆ ಹೂತುಹೋಗಿ, ಡೇರಿಗೆ ಹಾಲು ಹಾಕಲು ಹೊರಟಿದ್ದ ತಮ್ಮ ಅಣ್ಣನವರ ಕಣ್ಣಿಗೆ ಬೀಳಲೇ ಇಲ್ಲ. ಕ್ಯಾನನ್ನು ಅಲ್ಲೇ ಬಿಸಾಡಿ ಓಡಿ ಅವರು ಉಳಿದುಕೊಂಡರೆಂಬುದು ಸಮಾಧಾನ. ರಾಜಕಾರಣಿಗಳ ಈ ಪ್ರಚಾರಕ್ಕೆ ಕಾನೂನಿನ ಕಡಿವಾಣ ಇಲ್ಲವೇ ಎಂದು ಕೇಳಿದ್ದೀರಿ.

ಇದೆ, ಆದರೆ ಅದಿರುವುದು ನಾಯಕರ ಬಾಯಿಗೆ, ಹಿಂಬಾಲಕರ ಬಾಯಿಗಲ್ಲ. ಚುನಾವಣಾ ಆಯೋಗ 2013ರ ಅಕ್ಟೋಬರ್‌ನಲ್ಲಿ ಹೊರಡಿಸಿದ ಸೂಚನೆಯಂತೆ, ಅಭ್ಯರ್ಥಿಯು ತನ್ನ ಜಾಲತಾಣ ಖಾತೆಗಳನ್ನು ಪ್ರಮಾಣಪತ್ರದಲ್ಲಿ ನಮೂದಿಸಬೇಕು, ಜಾಹೀರಾತಿಗೆ ಮೊದಲೇ ಅನುಮತಿ ಪಡೆಯಬೇಕು, ಅದನ್ನು ತಯಾರಿಸುವವರ ಸಂಬಳವನ್ನೂ ಖರ್ಚಿನ ಲೆಕ್ಕದಲ್ಲಿ ತೋರಿಸಬೇಕು. ತಮ್ಮೂರಿನ ಹುಡುಗ ರಾತ್ರಿ ಹನ್ನೊಂದಕ್ಕೆ ಕಳುಹಿಸುವ ಬೈಗುಳಕ್ಕೆ ಮಾತ್ರ ರಸೀತಿ ಇಲ್ಲ. ನಾಯಕರ ಅಧಿಕೃತ ಪುಟದಲ್ಲಿ ಕೈಮುಗಿದ ಚಿತ್ರ ಇರುತ್ತದೆ, ಹೊಲಸು ಕೆಲಸವನ್ನು ‘ಅಭಿಮಾನಿ ಬಳಗ’ ನೋಡಿಕೊಳ್ಳುತ್ತದೆ. ಕೇಳಿದರೆ ‘ಹುಡುಗರ ಉತ್ಸಾಹ’ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಹಿಂದೆ ಎಲ್ಲವೂ ಸಭ್ಯವಾಗಿತ್ತೆಂದು ನಾನು ಹೇಳಲಾರೆ. 1978ರಲ್ಲಿ ಪಕ್ಕದ ಚಿಕ್ಕಮಗಳೂರಿನ ಉಪಚುನಾವಣೆಗೆ ಇಂದಿರಾ ಗಾಂಧಿಯವರು ನಿಂತಾಗ, ಅವರ ಬೆಂಬಲಿಗರು ‘ಏಕ್ ಶೇರ್ನಿ, ಸೌ ಲಂಗೂರ್’ (ಒಂದು ಹೆಣ್ಣು ಸಿಂಹ, ನೂರು ಕೋತಿ) ಎಂದು ಕೂಗಿ ಎದುರಾಳಿಗಳನ್ನೆಲ್ಲ ಕೋತಿಗಳ ಸಾಲಿಗೆ ಸೇರಿಸಿದ್ದರು. ಆದರೆ ಬೀದಿಯಲ್ಲಿ ಕೂಗುವವನ ಮುಖ ಊರಿಗೆ ಕಾಣುತ್ತಿತ್ತು.

ಮುಖವಿಲ್ಲದ ಹಂಚಿಕೆಯ ಬೆಲೆ ಏನೆಂದು ಹಾಸನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. 2024ರ ಏಪ್ರಿಲ್ 26ರ ಮತದಾನಕ್ಕೆ ಮುನ್ನ, ಹೆಣ್ಣುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ್ದೆನ್ನಲಾದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಇಲ್ಲಿ ಹರಿದಾಡಿದವು. ಆ ವಿಡಿಯೊಗಳನ್ನು ಹಂಚುವುದೂ ಅಪರಾಧವೆಂದು ವಿಶೇಷ ತನಿಖಾ ತಂಡ ಎಚ್ಚರಿಸುವ ಹೊತ್ತಿಗೆ ಅವು ಮೊಬೈಲಿನಿಂದ ಮೊಬೈಲಿಗೆ ದಾಟಿಹೋಗಿದ್ದವು. ಎದುರು ಪಕ್ಷದ ಮರ್ಯಾದೆ ತೆಗೆಯುವ ಆತುರದಲ್ಲಿದ್ದವರಿಗೆ, ಅದರಲ್ಲಿರುವ ಹೆಣ್ಣುಮಕ್ಕಳು ನಾಳೆ ಇದೇ ಸಂತೆಗೆ, ಇದೇ ಬಸ್ಸಿಗೆ ಬರಬೇಕಾದವರು ಎಂಬುದು ಹೊಳೆಯಲಿಲ್ಲ.

ಹಾಗೆಂದು ಇನ್ನೂ ಬಿಗಿಯಾದ ಕಾನೂನು ಬರಲಿ ಎಂಬ ತಮ್ಮ ಸಲಹೆಯನ್ನು ಒಪ್ಪಲು ನನಗೆ ಹಿಂಜರಿಕೆಯಿದೆ. ಅಂತರ್ಜಾಲದಲ್ಲಿ ಬರೆದದ್ದು ಆಕ್ಷೇಪಾರ್ಹವೆನಿಸಿದರೆ ಶಿಕ್ಷಿಸುತ್ತಿದ್ದ, ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಅಂಥದೇ ಬಿಗಿ ಕಲಮಾಗಿತ್ತು. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ, ನಾಯಕರೊಬ್ಬರ ನಿಧನದ ಬಳಿಕದ ಬಂದ್ ಪ್ರಶ್ನಿಸಿ ಫೇಸ್‌ಬುಕ್ಕಿನಲ್ಲಿ ಬರೆದ ಯುವತಿಯ ಜೊತೆಗೆ, ಅದಕ್ಕೆ ಲೈಕ್ ಒತ್ತಿದ ಗೆಳತಿಯನ್ನೂ ಬಂಧಿಸಿದರು. ಸುಪ್ರೀಂ ಕೋರ್ಟ್ ಆ ಕಲಮನ್ನು 2015ರ ಮಾರ್ಚ್ 24ರಂದು ರದ್ದುಪಡಿಸಿತು. ಅಂಥ ಕಾನೂನು ಮತ್ತೆ ಬಂದರೆ ಸಿಕ್ಕಿಬೀಳುವವರು ಬಳಗದವರಲ್ಲ, ರಸ್ತೆಯ ಗುಂಡಿಯ ಫೋಟೊ ಹಾಕಿದವರು.

ತಮ್ಮ ಗ್ರೂಪಿನ ಮಟ್ಟಿಗೆ ದಾರಿ ಸುಲಭವಾಗಿದೆ. ಆನೆಯ ಸುದ್ದಿಗೆಂದೇ ಬೇರೆ ಗ್ರೂಪು ಮಾಡಿ, ಅದರಲ್ಲಿ ಅಡ್ಮಿನ್‌ಗಳು ಮಾತ್ರ ಸಂದೇಶ ಹಾಕುವಂತೆ ಸೆಟ್ಟಿಂಗ್ ಬದಲಿಸಿ, ಪ್ರತಿ ಕೇರಿಯಿಂದ ಒಬ್ಬರನ್ನು ಅಡ್ಮಿನ್ ಮಾಡಿದರೆ ಸಾಕು. ಸೆಟ್ಟಿಂಗ್ ಬದಲಿಸಲು ಅರ್ಧ ನಿಮಿಷ ಸಾಕು. ದಾಕ್ಷಿಣ್ಯ ಬಿಡಲು ಎಷ್ಟು ದಿನ ಬೇಕೋ ತಿಳಿಯದು. ಏಕೆಂದರೆ ಆ ಅರವತ್ತು ಚಿತ್ರಗಳನ್ನು ಹಾಕಿದ ಅಡ್ಮಿನ್, ಹಾಲಿನ ಕ್ಯಾನು ಬಿಸಾಡಿ ಓಡಿದ ತಮ್ಮ ಅಣ್ಣನವರ ಮಗನೇ ಎಂದು ಪತ್ರದ ಕೊನೆಯಲ್ಲಿ ತಾವೇ ಬರೆದಿದ್ದೀರಿ. ಅವನಿಗೆ ತಾವೇ ಹೇಳಬೇಕು. ತಮ್ಮ ಕೋರಿಕೆಯಂತೆ ಊರಿನ ಹೆಸರನ್ನು ಇಲ್ಲಿ ಬಿಟ್ಟಿದ್ದೇವೆ.

— ಸಂಪಾದಕ