ಥೀಟಾ ಸದ್ದು ಕೇಳಿದರೆ ನೆನಪು ಗಟ್ಟಿಯಾಗುತ್ತದೆಯೇ?

ಪ್ರಶ್ನೆ: ಹೆಡ್‌ಫೋನ್‌ನಲ್ಲಿ ಥೀಟಾ ಅಲೆಯ ಆಡಿಯೊ ಕೇಳುತ್ತಾ ಓದಿದರೆ ಓದಿದ್ದು ಮರೆಯುವುದಿಲ್ಲವಂತೆ. ಮಗಳ ಪರೀಕ್ಷೆ ಹತ್ತಿರ ಬಂದಿದೆ. ಕೊಡಿಸಲೇ?

ಉತ್ತರ: ಬೇಡ. ಪರೀಕ್ಷೆ ಬಂತೆಂದರೆ ಈ ಪ್ರಶ್ನೆಯೂ ಬರುತ್ತದೆ. ಹೆತ್ತವರ ಆತಂಕವನ್ನೇ ಬಂಡವಾಳ ಮಾಡಿಕೊಂಡವರನ್ನು ಕಂಡರೆ ನನಗೆ ಸಿಟ್ಟು. ಥೀಟಾ ಅನ್ನುವುದು ಮೆದುಳಿನಲ್ಲಿ ಏಳುವ ಒಂದು ವಿದ್ಯುತ್ ಅಲೆ. ಅದು ಸುಳ್ಳಲ್ಲ, ಅದರ ಹೆಸರಿನಲ್ಲಿ ಮಾರುವುದು ಸುಳ್ಳು. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ನೆನಪು ಕಟ್ಟುವ ಮೆದುಳಿನ ಭಾಗ ಹಿಪೊಕ್ಯಾಂಪಸ್. ಅಲ್ಲಿ ಯಾವ ನರಕೋಶ ಮಿಡಿಯಿತು (ವಿದ್ಯುತ್ ಸಂಕೇತ ಕಳಿಸಿತು) ಅನ್ನುವಷ್ಟೇ ಮುಖ್ಯ, ಅದು ಯಾವಾಗ ಮಿಡಿಯಿತು ಅನ್ನುವುದು. ಒಂದು ಕೋಶ ಮಿಡಿದ ಸುಮಾರು 20 ಮಿಲಿಸೆಕೆಂಡಿನೊಳಗೆ ಮುಂದಿನದು ಮಿಡಿದರೆ ಅವೆರಡರ ಬೆಸುಗೆ ಗಟ್ಟಿಯಾಗುತ್ತದೆ. ಕ್ರಮ ತಿರುಗಿದರೆ ಸಡಿಲವಾಗುತ್ತದೆ. ಪ್ರಯೋಗಾಲಯದಲ್ಲಿ ಬೆಳೆಸಿದ ಕೋಶಗಳಲ್ಲಿ 1998ರಲ್ಲಿ ಇದನ್ನು ಅಳೆದು ತೋರಿಸಿದ್ದಾರೆ.

ಆದರೆ ನೆನಪಿಡಬೇಕಾದ ದಾರಿಯನ್ನೇ ನೋಡಿ, ಕೋಣೆಯ ಈ ಮೂಲೆಯಿಂದ ಆ ಮೂಲೆಗೆ ನಡೆಯಲು ಸೆಕೆಂಡುಗಳೇ ಬೇಕು. ಮತ್ತೆ ಬೆಸುಗೆ ಹೇಗೆ? ಥೀಟಾದ ಕೆಲಸ ಇಲ್ಲಿದೆ. ಓಡುವ ಇಲಿಯ ಹಿಪೊಕ್ಯಾಂಪಸ್‌ನಲ್ಲಿ ಸೆಕೆಂಡಿಗೆ ಸುಮಾರು 8 ಅಲೆ ಏಳುತ್ತವೆ. ಒಂದೊಂದು ಜಾಗಕ್ಕೆ ಮಿಡಿಯುವ 'ಪ್ಲೇಸ್ ಸೆಲ್' ಕೋಶಗಳೂ ಅಲ್ಲಿವೆ. ಇಲಿ ಆ ಜಾಗದಲ್ಲಿ ಮುಂದೆ ಹೋದಷ್ಟೂ ಅದರ ಕೋಶ ಪ್ರತಿ ಅಲೆಯೊಳಗೆ ಇನ್ನಷ್ಟು ಮೊದಲೇ ಮಿಡಿಯುತ್ತದೆ. ನರವಿಜ್ಞಾನಿ ಜಾನ್ ಓಕೀಫ್ ಮತ್ತು ಸಹೋದ್ಯೋಗಿ 1993ರಲ್ಲಿ ಇದನ್ನು ಪ್ರಕಟಿಸಿದರು. ಹೀಗಾಗಿ ದಾಟಿದ ಜಾಗ, ಈಗಿನ ಜಾಗ, ಮುಂದಿನ ಜಾಗ ಮೂರೂ ಒಂದೇ ಅಲೆಯಲ್ಲಿ ಅದೇ ಕ್ರಮದಲ್ಲಿ ಸಾಲಾಗಿ ಬರುತ್ತವೆ. ಸೆಕೆಂಡುಗಳ ಓಟ 125 ಮಿಲಿಸೆಕೆಂಡಿಗೆ ಮಡಚಿಕೊಂಡಿತು. ಬೆಸುಗೆಗೆ ಬೇಕಾದ ಹತ್ತಿರ ಸಿಕ್ಕಿತು, ಅಲ್ವಾ?

ಈ ತಾಳ ಹಾಕುವುದು ಮೆದುಳಿನ ಒಳಗಿರುವ ಮೀಡಿಯಲ್ ಸೆಪ್ಟಮ್ ಅನ್ನುವ ಭಾಗ ಮತ್ತು ಹಿಪೊಕ್ಯಾಂಪಸ್‌ನದೇ ತಡೆಕೋಶಗಳು. ಅವು ಎಣಿಕೆಯಲ್ಲಿ ಕಡಿಮೆ. ಆದರೆ ಕೆಲವು ಒಂದೊಂದೇ ಸಾವಿರಕ್ಕೂ ಹೆಚ್ಚು ಕೋಶಗಳನ್ನು ತಡೆದು ಹಿಡಿಯುತ್ತವೆ. ತಡೆ ಸಡಿಲವಾದಾಗ ಉಳಿದವಕ್ಕೆ ಮಿಡಿಯುವ ಅವಕಾಶ. ಸುಮ್ಮನಿರಿಸುವ ಕೋಶಗಳೇ ಸಮಯ ಕಾಯುತ್ತವೆ. ಎಷ್ಟು ವರ್ಷ ಓದಿದರೂ ನನಗೆ ಇದರ ಬೆರಗು ಕಡಿಮೆಯಾಗಿಲ್ಲ.

ಕಿವಿಗೆ ಬಿದ್ದ ಸದ್ದು ಈ ತಾಳವನ್ನು ನಡೆಸುತ್ತದೆ ಅನ್ನಲು ಗಟ್ಟಿ ಪುರಾವೆ ಇಲ್ಲ. ಅಲೆ ಜಾಸ್ತಿಯಾದರೆ ನೆನಪೂ ಜಾಸ್ತಿ ಅನ್ನುವ ಲೆಕ್ಕವೂ ಇಲ್ಲ.

ಇನ್ನೊಂದು ಮಾತು. ಗಾಢ ನಿದ್ದೆಯಲ್ಲಿ ಥೀಟಾ ಹಿಂದೆ ಸರಿಯುತ್ತದೆ, 'ರಿಪ್ಪಲ್' ಅನ್ನುವ ಚುರುಕು ಅಲೆಗಳು ಬರುತ್ತವೆ. ಇಲಿಯಲ್ಲಿ ಅವುಗಳ ವೇಗ ಸೆಕೆಂಡಿಗೆ 150ರಿಂದ 250. ಎಚ್ಚರದಲ್ಲಿ ಮಿಡಿದ ಸಾಲು ಆಗ ಹಲವು ಪಟ್ಟು ವೇಗವಾಗಿ ಮತ್ತೆ ಮಿಡಿಯುತ್ತದೆ. ಈ ರಿಪ್ಪಲ್‌ಗಳನ್ನು ಮಾತ್ರ ಕೆಡಿಸಿದ 2009ರ ಪ್ರಯೋಗದಲ್ಲಿ ಇಲಿಗಳ ಕಲಿಕೆ ಹಿಂದೆ ಬಿತ್ತು. ಮಗಳನ್ನು ರಾತ್ರಿಯಿಡೀ ಕೂರಿಸಬೇಡಿ, ಮಲಗಲು ಬಿಡಿ.

ಪ್ರಶ್ನೆ: ನಾವು ಮೆದುಳಿನ ಶೇ. 10 ಮಾತ್ರ ಬಳಸುತ್ತೇವಂತೆ, ನಿಜವೇ?

ಉತ್ತರ: ಸುಳ್ಳು.

ಪ್ರಶ್ನೆ: ಮಲಗಿದಾಗ ಪಾಠದ ರೆಕಾರ್ಡಿಂಗ್ ಹಾಕಿಡಬಹುದೇ?

ಉತ್ತರ: ಹೊಸ ಪಾಠ ಹಾಗೆ ತಲೆಗೆ ಹೋಗುವುದಿಲ್ಲ. ಸುಮ್ನೆ ನಿದ್ದೆ ಕೆಡುತ್ತದೆ.

ಪ್ರಶ್ನೆ: ಅಪ್ಪನಿಗೆ ಈಚೆಗೆ ಮನೆಯ ದಾರಿಯೇ ತಪ್ಪುತ್ತಿದೆ. ನೆನಪಿನ ಪುಡಿ ಕೊಡಬಹುದೇ?

ಉತ್ತರ: ಪುಡಿ ಪಕ್ಕಕ್ಕಿಡಿ. ಗೊತ್ತಿರುವ ದಾರಿ ತಪ್ಪುವುದನ್ನು ವಯಸ್ಸಿನ ಮರೆವು ಅಂತ ಬಿಡಬೇಡಿ. ಆಲ್ಜೈಮರ್ ಮೊದಲು ಹಾನಿ ಮಾಡುವ ಜಾಗಗಳಲ್ಲಿ ಹಿಪೊಕ್ಯಾಂಪಸ್ ಒಂದು. ಬೇರೆ ಕಾರಣವೂ ಇರಬಹುದು, ಕೆಲವು ಗುಣವಾಗುವಂಥವು. ಈ ವಾರವೇ ನರರೋಗ ವೈದ್ಯರಿಗೆ ತೋರಿಸಿ. ಅಪ್ಪ ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ ಜೊತೆಗೆ ಒಯ್ಯಿರಿ.