ದಸರಾ ರಜೆಯಲ್ಲಿ ಚೀನಾದ ಶಿಯಾನ್‌ಗೆ ಹೋಗಬೇಕೆಂದಿದ್ದೇವೆ. ವಿಮಾನದ ಟಿಕೆಟ್ ಇನ್ನೂ ಆಗಿಲ್ಲ. ಸಸ್ಯಾಹಾರಿಗಳು, ಊಟದ ಪ್ಯಾಕೆಟ್ ಎಷ್ಟು ಒಯ್ಯಬೇಕು?

ಪ್ಯಾಕೆಟ್ ಲೆಕ್ಕ ಆಮೇಲೆ. ನೀವು ಹೋಗಬೇಕೆಂದಿರುವ ತಾರೀಖೇ ಸರಿಯಿಲ್ಲ.

2024ರಲ್ಲಿ ನಾವೂ ಹೀಗೇ ಹೊರಟೆವು. ನಾನು, ನಮ್ಮ ಯಜಮಾನರು, ಆರನೇ ಕ್ಲಾಸಿನ ಮಗಳು. ಅರ್ಧ ಸೂಟ್‌ಕೇಸ್ ತುಂಬ ಪುಳಿಯೋಗರೆ ಗೊಜ್ಜು, ಅವಲಕ್ಕಿ, ಚಟ್ನಿಪುಡಿ. ವೀಸಾ, ವಿಮಾನ, ಹೋಟೆಲ್ ಎಲ್ಲಾ ಎರಡು ತಿಂಗಳು ಮೊದಲೇ ಮುಗಿಸಿದ್ದೆ. ಆದರೆ ನಾನು ನೋಡಿದ್ದು ಮಗಳ ಶಾಲೆಯ ರಜೆ ಮಾತ್ರ, ಅವರ ದೇಶದ ರಜೆ ನೋಡಲೇ ಇಲ್ಲ. ಅಕ್ಟೋಬರ್ 1 ಚೀನಾದ ರಾಷ್ಟ್ರೀಯ ದಿನ. ಅವತ್ತಿಂದ ಸುಮಾರು ಒಂದು ವಾರ ಇಡೀ ದೇಶಕ್ಕೇ ರಜೆ, ಎಲ್ಲರೂ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಊರು ನೋಡೋಕೆ ಹೊರಡ್ತಾರೆ. ಜಂಬೂಸವಾರಿ ದಿನ ಮೈಸೂರಲ್ಲಿ ನಡೆಯೋಕೂ ಜಾಗ ಇರಲ್ಲ, ಅಲ್ವಾ? ಶಿಯಾನ್‌ನಲ್ಲಿ ಎಲ್ಲಿ ಹೋದರೂ ಹಾಗೇ ಇತ್ತು.

ಜನ ಜಾಸ್ತಿ ಇದ್ದರೆ ಸಹಿಸಬಹುದು. ಆದರೆ ನಾವು ಹೋಗಿದ್ದೇ ಮಣ್ಣಿನ ಸೈನ್ಯ ನೋಡೋಕೆ, ಅಂದರೆ ಚೀನಾದ ಮೊದಲ ಚಕ್ರವರ್ತಿಯ ಸಮಾಧಿ ಹತ್ತಿರ ಹೂತಿಟ್ಟಿದ್ದ ಸಾವಿರಾರು ಮಣ್ಣಿನ ಸೈನಿಕರನ್ನು. 1974ರಲ್ಲಿ ಬಾವಿ ತೋಡುತ್ತಿದ್ದ ರೈತರಿಗೆ ಸಿಕ್ಕಿತಲ್ಲ, ಅದು. ಅದರ ಟಿಕೆಟನ್ನು ಪಾಸ್‌ಪೋರ್ಟ್ ನಂಬರ್ ಕೊಟ್ಟು ಆನ್‌ಲೈನ್‌ನಲ್ಲಿ ಮುಂಚೆಯೇ ತಗೋಬೇಕು. ಗೇಟಿಗೆ ಹೋಗಿ ಕ್ಯೂ ನಿಂತರಾಯ್ತು ಅಂದುಕೊಂಡಿದ್ದೆ. ಅಲ್ಲಿಗೆ ಹೋಗಿ ಫೋನ್ ತೆಗೆದು ನೋಡಿದರೆ ನಾವಿರುವ ಅಷ್ಟೂ ದಿನಕ್ಕೆ ಟಿಕೆಟ್ ಖಾಲಿ. ಗಾಬರಿಯಲ್ಲಿ, ಸ್ಟೇಷನ್ ಹತ್ತಿರ 'ಟಿಕೆಟ್ ಇದೆ' ಅಂದ ಒಬ್ಬ ಡ್ರೈವರನ್ನು ನಂಬಿ ಕಾರು ಹತ್ತಿದೆವು. ಅವನು ಕರೆದುಕೊಂಡು ಹೋಗಿದ್ದು ಬೊಂಬೆ ಮಾರುವ ಶೆಡ್‌ಗೆ. ಹೊಸ ಮಣ್ಣಿನ ಸೈನಿಕರು ಸಾಲಾಗಿ ನಿಂತಿದ್ದರು, ಒಂದರ ಕಿವಿ ಹಿಂದೆ ಇನ್ನೂ ಬೆಲೆಚೀಟಿ ಅಂಟಿತ್ತು. 'ಅಮ್ಮಾ, ಇದು ಅದಲ್ಲ' ಅಂತ ಮೊದಲು ಹೇಳಿದ್ದು ಮಗಳು. ಅಷ್ಟು ದೂರ ಹೋಗಿ ನಿಜವಾದದ್ದನ್ನು ನೋಡದೆ ವಾಪಸ್ ಬಂದೆವು. ಇವತ್ತಿಗೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಉಳಿದದ್ದರಲ್ಲಿ ಮನಸ್ಸು ತುಂಬಿದ್ದು ಎರಡು. ಒಂದು, ಕೋಟೆ ಗೋಡೆ. ಸುತ್ತಳತೆ ಸುಮಾರು 14 ಕಿಲೋಮೀಟರ್, ಮೇಲೆ ಬಾಡಿಗೆ ಸೈಕಲ್ ಸಿಗುತ್ತೆ. ಬೆಳಿಗ್ಗೆ ಬೇಗ ಹತ್ತಿ, ಜನ ಕಡಿಮೆ. ಇನ್ನೊಂದು, ದೊಡ್ಡ ಕಾಡು ಹೆಬ್ಬಾತು ಪಗೋಡ (ಜೈಂಟ್ ವೈಲ್ಡ್ ಗೂಸ್ ಪಗೋಡ) ಅನ್ನೋ ಬೌದ್ಧ ಗೋಪುರ. ಹ್ಯೂಯೆನ್‌ತ್ಸಾಂಗ್ ನಮ್ಮ ದೇಶದಿಂದ ಹೊತ್ತುಕೊಂಡು ಹೋದ ಗ್ರಂಥಗಳನ್ನು ಇಡೋಕೆ 652ರಲ್ಲಿ ಕಟ್ಟಿದ್ದು. ಮುಂದೆ ಅವನ ಪ್ರತಿಮೆ ಇದೆ. ಇಮ್ಮಡಿ ಪುಲಿಕೇಶಿಯ ಪಾಠದಲ್ಲಿ ಓದಿದವನೇ ಇವನು ಅಂತ ಗೊತ್ತಾದಾಗ ಮಗಳು ಅಲ್ಲಿಂದ ಏಳಲೇ ಇಲ್ಲ.

ಇನ್ನು ಊಟ. ಮುಸ್ಲಿಂ ಬೀದಿ ಅನ್ನೋ ಅಲ್ಲಿನ ತಿಂಡಿಬೀದಿಯಲ್ಲಿ ಹಂದಿಮಾಂಸ ಇರಲ್ಲ, ಕುರಿ, ದನದ ಮಾಂಸವಂತೂ ಎಲ್ಲೆಲ್ಲೂ. ಆದರೆ ಲಿಯಾಂಗ್‌ಪಿ ಸಿಗುತ್ತೆ: ಅಕ್ಕಿ ಅಥವಾ ಗೋಧಿ ಹಿಟ್ಟನ್ನು ಹಬೆಯಲ್ಲಿ ಬೇಯಿಸಿ, ಪಟ್ಟಿ ಪಟ್ಟಿಯಾಗಿ ಕತ್ತರಿಸಿ, ಸೌತೆಕಾಯಿ, ವಿನೆಗರ್, ಖಾರದ ಎಣ್ಣೆ ಹಾಕಿ ಕಲಸಿ ತಣ್ಣಗೇ ಕೊಡ್ತಾರೆ. ಬಿಯಾಂಗ್‌ಬಿಯಾಂಗ್ ನೂಡಲ್ಸ್ ಬೆಲ್ಟಿನಷ್ಟು ಅಗಲ. ಮೇಲೆ ಮೆಣಸಿನಪುಡಿ, ಬೆಳ್ಳುಳ್ಳಿ ಇಟ್ಟು ಕಾದ ಎಣ್ಣೆ ಸುರಿದರೆ ಚುಂಯ್ ಅನ್ನುತ್ತೆ, ಥೇಟ್ ನಮ್ಮ ಒಗ್ಗರಣೆ. ಮಾಂಸ ಬೇಡ ಅಂತ ಚೀನೀ ಭಾಷೆಯಲ್ಲಿ ಬರೆಸಿಟ್ಟುಕೊಂಡ ಚೀಟಿ ತೋರಿಸುತ್ತಿದ್ದೆ, ಸಾಕಾಯಿತು. ಪುಳಿಯೋಗರೆ ಗೊಜ್ಜು ಅರ್ಧಕ್ಕರ್ಧ ವಾಪಸ್ ಬಂತು. ಬೀದಿಯಲ್ಲೂ ಫೋನಿನಲ್ಲೇ ದುಡ್ಡು ಕೊಡೋದು, ಅಲಿಪೇ ಅನ್ನೋ ಅವರ ಪಾವತಿ ಆ್ಯಪ್‌ಗೆ ಕಾರ್ಡ್ ಸೇರಿಸೋದನ್ನು ಮನೆಯಲ್ಲೇ ಮಾಡಿಕೊಳ್ಳಿ.

ವಿಮಾನದ ಟಿಕೆಟ್ ಇನ್ನೂ ಆಗಿಲ್ಲ ಅಂದಿದ್ದೀರಿ, ಒಳ್ಳೆಯದಾಯ್ತು. ದಸರಾ ಬಿಡಿ, ಬೇಸಿಗೆ ರಜೆಯಲ್ಲಿ ಹೋಗಿ. ಏಪ್ರಿಲ್ ಮಧ್ಯಕ್ಕೆ ಹೊರಟು ಮೇ 1ರ ಅವರ ಕಾರ್ಮಿಕ ದಿನದ ರಜೆಗೆ ಮೊದಲೇ ವಾಪಸ್ ಬಂದುಬಿಡಿ. ಮಣ್ಣಿನ ಸೈನ್ಯದ ಬುಕಿಂಗ್ ತೆರೆದ ದಿನವೇ ಎಲ್ಲರ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಕೂತುಬಿಡಿ.